ನಾಲ್ಕನೇ ನಂಬರಿನಾಕೆ ಸೊನ್ನೆ ಕೊಟ್ಟ ಕೇಸು

ಡೆಸ್ಮಂಡ್ ಫ್ಯಾಲ್ವಿ ಕೋರ್ಟಿನಲ್ಲಿ ಅತ್ತರೆ ಮಿಶಿಗನ್ ಸರೋವರದ ನೀರು ಒಂದು ಗೇಣು ಏರುತ್ತಿತ್ತು. ಮಿಲ್ವಾಕಿ ಬಂದರಿನ ದೋಣಿಯವರು ಗಾಳಿ ಯಾವ ಕಡೆಯದು ಎಂದು ವಿಚಾರಿಸುವ ಮೊದಲು ಫ್ಯಾಲ್ವಿಯ ಕೇಸು ಯಾವತ್ತಿದೆ ಎಂದು ವಿಚಾರಿಸಿಯೇ ಹಗ್ಗ ಬಿಗಿಯುತ್ತಿದ್ದರು. ಪೆಟ್ಟು ತಿಂದವರ ಪರವಾಗಿ ಹನ್ನೆರಡು ಜನ ಪಂಚರ ಮುಂದೆ ನಿಂತು ಪರಿಹಾರ ಕೇಳುವುದು ಅವನ ಕಸುಬು. ಅವನು ಗಂಟಲು ಸರಿಮಾಡಿಕೊಂಡರೆ ಸಾಕು, ಪಂಚರು ಕರ್ಚೀಫು ತೆಗೆಯುತ್ತಿದ್ದರು. ಕರ್ಚೀಫು ಮರೆತು ಬಂದವರು ಪಕ್ಕದವರ ತೋಳಿಗೆ ಕಣ್ಣೊರೆಸಿಕೊಳ್ಳುತ್ತಿದ್ದರು. ಒಮ್ಮೆ ಎದುರು ಪಕ್ಷದ ವಕೀಲನೇ ಬಿಕ್ಕಿ ಬಿಕ್ಕಿ ಅತ್ತು, ತನ್ನ ಕಕ್ಷಿದಾರನಿಗೆ ನಾಲ್ಕು ಬೈದು ಕೂತನಂತೆ. ಇದನ್ನೆಲ್ಲ ಹೇಳಿದವನು ಸ್ವತಃ ಫ್ಯಾಲ್ವಿ. ಆದ್ದರಿಂದ ಅನುಮಾನಪಡುವ ಹಾಗೇ ಇಲ್ಲ.

ಇಂಥವನ ಪಾಲಿಗೆ ಬಂದದ್ದು ಆರ್ವಿಡ್ ಟ್ವೆಟನ್‌ನ ಮೇಲೆ ಮೀನು ಬಿದ್ದ ಕೇಸು.

ವಿಸ್ಕಾನ್ಸಿನ್‌ನ ಕೆಟಲ್ ಬೆಂಡ್ ಎಂಬ ಊರಿನಲ್ಲಿ ಬಡ್ಜಿನ್ಸ್ಕಿಯ ಊಟದ ಮನೆ. ಅದರ ಮಾಡಿನ ಮೇಲೆ ಫೈಬರಿನಲ್ಲಿ ಮಾಡಿದ, ಆ ಕಡೆಯ ಕೆರೆಗಳ ಹಲ್ಲುಗಾರ ಮಸ್ಕಿ ಮೀನು. ಎಂಥ ಮೀನು! ಅದರ ಬಾಯೊಳಗೆ ಒಂದು ಮದುವೆ ಮಾಡಬಹುದಿತ್ತು, ಬಾಲದ ಕಡೆ ಇನ್ನೊಂದು. ಎರಡೂ ದಿಬ್ಬಣ ಒಂದಕ್ಕೊಂದು ಎದುರಾಗುತ್ತಿರಲಿಲ್ಲ. ಚಳಿಗಾಲಕ್ಕೆ ದಕ್ಷಿಣಕ್ಕೆ ಹೊರಟ ಕಾಡುಬಾತುಗಳು ಅದರ ಹಲ್ಲು ಕಂಡು ಗಾಬರಿಯಾಗಿ ಕೆನಡಾಕ್ಕೇ ವಾಪಸಾಗಿ ಅಲ್ಲೇ ನಡುಗುತ್ತ ಕೂತ ವರ್ಷವೂ ಉಂಟು. ಒಂದು ಶುಕ್ರವಾರ, ಇಡೀ ಊರು ಹುರಿದ ಮೀನಿನ ಊಟಕ್ಕೆ ಬಾಗಿಲಲ್ಲಿ ಸಾಲು ನಿಂತಿದ್ದಾಗ, ತುಕ್ಕು ಹಿಡಿದ ಬೋಲ್ಟುಗಳು ಕೈಬಿಟ್ಟವು. ಮೀನು ಬಂದು ಆರ್ವಿಡ್‌ನ ಬಲ ಭುಜದ ಮೇಲೆ ಕೂತಿತು. ಜನ ಚೀರಿದರು, ಓಡಿದರು. ಮೀನಿನ ಅಡಿಯಿಂದ ಆರ್ವಿಡ್‌ನ ದನಿ ನಿಧಾನವಾಗಿ ಬಂತು: "ಪರವಾಗಿಲ್ಲ. ನೀವು ಒಳಗೆ ಹೋಗಿ, ಊಟ ಆರಿಹೋಗುತ್ತೆ."

ಈ 'ಪರವಾಗಿಲ್ಲ' ಎಂಬ ಮಾತೇ ಕೇಸಿಗೆ ಶನಿಯಾಗಿ ಗಂಟುಬಿದ್ದದ್ದು. ಕೆಟಲ್ ಬೆಂಡಿನಲ್ಲಿ ನೋವಾಯಿತು ಎನ್ನುವುದು ಮರ್ಯಾದೆಗೇಡು. ಹಿಂದೊಮ್ಮೆ ಒಬ್ಬನ ಕಾಲನ್ನು ಕರಡಿ ಕಚ್ಚಿಕೊಂಡು ಹೋಗುತ್ತಿದ್ದಾಗ ಅವನು, "ಇರಲಿ ಬಿಡಿ, ಇನ್ನೊಂದಿದೆಯಲ್ಲ" ಎಂದಿದ್ದನಂತೆ. ಆರ್ವಿಡ್ ಆ ಮಣ್ಣಿನವನು. ಆಸ್ಪತ್ರೆಗೆ ಹೋದಾಗಲೆಲ್ಲ ಡಾಕ್ಟರು "ಹೇಗಿದೆ?" ಎಂದರೆ "ಪರವಾಗಿಲ್ಲ" ಎಂದ. ಡಾಕ್ಟರು ಹಾಗೆಯೇ ಬರೆದಿಟ್ಟರು. ಊಟದ ಮನೆಯ ವಿಮಾ ಕಂಪನಿಯವರು ಅದನ್ನೇ ಹಿಡಿದುಕೊಂಡು, ಮೀನಿನಿಂದ ಏನೂ ಆಗಿಲ್ಲ, ವಯಸ್ಸಾದ ಭುಜ ತಾನೇ ಸವೆದಿದೆ, ಆಪರೇಷನ್ನಿಗೆ ನಾವು ಕೊಡುವುದಿಲ್ಲ ಎಂದುಬಿಟ್ಟರು.

ಆರ್ವಿಡ್‌ಗೆ ಬೇಕಾಗಿದ್ದದ್ದು ಆ ಆಪರೇಷನ್ನು. ಅವನೂ ಅವನ ಹೆಂಡತಿ ಬೆರ್ನೀಸಳೂ ಮದುವೆಯಾದಾಗಿನಿಂದ ಒಂದು ಭಾನುವಾರವನ್ನೂ ಬಿಡದೆ ಊರ ಕುಣಿತದ ಹಾಲಿನಲ್ಲಿ ಪೋಲ್ಕಾ ಎಂಬ ಜೋಡಿ ಕುಣಿತ ಕುಣಿದವರು. ಗಂಡ ಕೈ ಮೇಲೆತ್ತಿ ಹಿಡಿದರೆ ತಾನೇ ಹೆಂಡತಿ ಅದರಡಿ ಗಿರ್ರನೆ ಸುತ್ತುವುದು? ಮೀನು ಬಿದ್ದ ಮೇಲೆ ಅವನ ಕೈ ಎದೆಯಿಂದ ಮೇಲೆ ಏರಲಿಲ್ಲ. "ಪೋಲ್ಕಾ ಬೇಜಾರಾಯ್ತು ಕಣೇ" ಎಂದು ಹೆಂಡತಿಗೆ ಹೇಳಿ, ಮಿಲ್ವಾಕಿಗೆ ಗರಗಸ ನೋಡಲು ಹೋಗುತ್ತೇನೆಂದು ಸುಳ್ಳು ಹೇಳಿ, ಫ್ಯಾಲ್ವಿಯ ಎದುರು ಬಂದು ಕೂತು ಒಂದೇ ಮಾತು ಆಡಿದ್ದ: "ತೋಳು ಮೇಲೆ ಹೋಗ್ಬೇಕು. ಅಷ್ಟೇ."

"ಹೆಂಡತಿಗೆ ಕೇಸಿನ ವಿಷಯ ಹೇಳಿಲ್ವಾ?"

"ಅವಳಿಗೆ ಯಾಕೆ ಸುಮ್ನೆ ತೊಂದರೆ."

ಸಾಕ್ಷಿಗಳ ಪಟ್ಟಿಗೆ ಫ್ಯಾಲ್ವಿ ಅವಳ ಹೆಸರನ್ನು ವಾಡಿಕೆಯಂತೆ ಸೇರಿಸಿದ, ಮುಖ ನೋಡಿರಲಿಲ್ಲ.

ಈಗಿನ ಕಾಲದಲ್ಲಿ ಗಾಯದ ಕೇಸನ್ನು ಯಾರೂ ಸುಮ್ಮನೆ ಕೋರ್ಟಿಗೆ ಒಯ್ಯುವುದಿಲ್ಲ. ಅಡುಗೆಗೆ ಉಪ್ಪು ನೋಡುವ ಹಾಗೆ ಮೊದಲು ಒಂದು ಅಣಕು ಜ್ಯೂರಿಯ, ಅಂದರೆ ಬಾಡಿಗೆ ಪಂಚರ, ಬಾಯಿಗೆ ಹಾಕಿ ನೋಡುತ್ತಾರೆ. ಅದಕ್ಕೆಂದೇ ಕೋರಾ ವಿಟ್ಲಾಕ್ ಎಂಬಾಕೆ ಇದ್ದಳು. ಪಂಚರ ಮನಸ್ಸನ್ನು ಅಂಕಿಗಳಲ್ಲಿ ಓದುವುದು ಆಕೆಯ ವಿದ್ಯೆ. ನಿಮ್ಮ ಮನೆಯಲ್ಲಿ ನಾಯಿ ಇದೆಯೋ ಬೆಕ್ಕೋ ಎಂದು ಕೇಳಿ, ನಿಮ್ಮ ಮೊಮ್ಮಗ ಯಾರಿಗೆ ಓಟು ಹಾಕುತ್ತಾನೆ ಎಂದು ಹೇಳುವಳು. ಆ ಮೊಮ್ಮಗ ಇನ್ನೂ ಹುಟ್ಟಿರುವುದೇ ಬೇಡ.

"ಆರ್ವಿಡ್‌ನನ್ನ ಜ್ಯೂರಿಗೆ ತೋರಿಸೋ ಹಾಗಿಲ್ಲ ಕೋರಾ," ಎಂದ ಫ್ಯಾಲ್ವಿ. "ಮನುಷ್ಯನಲ್ಲ ಅದು, ದೀಪದ ಕಂಬ. ನೋವಿದ್ಯಾ ಅಂದ್ರೆ ಹವಾಮಾನದ ಬಗ್ಗೆ ಮಾತಾಡ್ತಾನೆ. ನಾಟಕದೋನೊಬ್ಬನನ್ನ ಕರೆಸಿದೀನಿ. ಅವನ ಕೈಲಿ ಹೇಳಿಸಿ ವೀಡಿಯೋ ಮಾಡಿದೀನಿ. ಜನಕ್ಕೆ ಹಿಡಿಸಿದ್ರೆ ಆರ್ವಿಡ್‌ಗೂ ಹಾಗೇ ಅಳೋದು ಕಲಿಸ್ತೀನಿ."

"ಕಂಬಕ್ಕೆ ಅಳೋದು ಕಲಿಸ್ತೀರಾ?"

"ನಾನು ಕಲಿಸಿದ್ರೆ ಕಲ್ಲೂ ಅಳುತ್ತೆ!"

"ಸರಿ ಸಾಹೇಬ್ರೇ. ಜ್ಯೂರಿಯೋರ ಜೊತೆ ಕಲ್ಲುಗಳಿಗೂ ಊಟಕ್ಕೆ ಹೇಳ್ತೀನಿ," ಎಂದಳು ಕೋರಾ.

ಆಕೆಯ ನಿಯಮ ಕಟ್ಟುನಿಟ್ಟು. ಕೆಟಲ್ ಬೆಂಡಿನವರು ಯಾರೂ ಇರಕೂಡದು. ಪಕ್ಕದ ಕೌಂಟಿಯ ಜನ, ಅದೇ ಥರದ ಬದುಕಿನವರು. ಕಥೆಯ ಗುರುತೂ ಸಿಗಕೂಡದು. ಹಾಗಾಗಿ ಆರ್ವಿಡ್ ಹೋಗಿ 'ಬ್ರೌನ್' ಎಂಬಾತ ಆದ. ಊಟದ ಮನೆ ಹೋಗಿ ಬೇಕರಿ ಆಯಿತು. ಮೀನು ಹೋಗಿ ದೈತ್ಯ ಡೋನಟ್ ಆಯಿತು. ಪೋಲ್ಕಾ ಇದ್ದ ಕಡೆ ಗಾಲ್ಫ್ ಬಂದು ಕೂತಿತು.

ಪಕ್ಕದ ಕೌಂಟಿಯ ಮೋಟೆಲಿನ ಹಾಲಿನಲ್ಲಿ ಹನ್ನೆರಡು ಜನ ಸೇರಿದರು. ಪ್ರತಿಯೊಬ್ಬರ ಎದೆಗೆ ಒಂದು ನಂಬರು, ಕೈಗೆ ರೇಡಿಯೋ ಗುಬುಟಿನಂಥ ಒಂದು ತಿರುಗಣೆ. ಹೇಳಿದ್ದು ಮನಸ್ಸಿಗೆ ಬಂದರೆ ಬಲಕ್ಕೆ ತಿರುಗಿಸಬೇಕು, ಬರದಿದ್ದರೆ ಎಡಕ್ಕೆ. ಗೋಡೆಯಾಚೆ ಕೋಣೆಯಲ್ಲಿ ಫ್ಯಾಲ್ವಿಯೂ ಕೋರಾಳೂ ಟೀವಿಯ ಮುಂದೆ ಕೂತರು. ಹನ್ನೆರಡು ಜನರ ಮನಸ್ಸು ಹನ್ನೆರಡು ಬಣ್ಣದ ಗೆರೆಗಳಾಗಿ ಅಲ್ಲಿ ಹರಿಯುತ್ತಿತ್ತು.

ನಾಟಕದವನು ಪರದೆಯ ಮೇಲೆ ಬಂದ. ಕತ್ತಿನಿಂದ ಸೊಂಟದವರೆಗೆ ಪಟ್ಟಿ ಬಿಗಿದಿದ್ದ. "ನನ್ನ ಬದುಕೇ ಡೋನಟ್ಟಿನಡಿ ನುಚ್ಚುನೂರಾಯಿತು! ಇನ್ನು ಗಾಲ್ಫ್ ಎಲ್ಲಿ?" ಎಂದು ಅತ್ತ. ಅಬ್ಬಾ, ಅತ್ತ ಎಂದರೆ ಅತ್ತ! ಮೂಗು ಒರೆಸಿಕೊಂಡ ಸದ್ದಿಗೇ ಕಿಟಕಿ ಗಾಜು ನಡುಗಿತು. ಬೆನ್ನಿಗೇ ಫ್ಯಾಲ್ವಿಯ ಭಾಷಣದ ವೀಡಿಯೋ. ಅದರಲ್ಲಿ ಅವನದೂ ಕಣ್ಣೀರು.

ಹನ್ನೆರಡು ಗೆರೆಗಳೂ ಬಾವಿಗೆ ಬಿದ್ದ ಕೊಡದ ಹಾಗೆ ಇಳಿದವು. ಅದರಲ್ಲೂ ನಾಲ್ಕನೇ ನಂಬರಿನ ಹಸಿರು ಗೆರೆ ಎಷ್ಟು ಕೆಳಗೆ ಹೋಯಿತೆಂದರೆ, ಟೀವಿ ಸಾಲದೆ, ಮೇಜಿನ ಕೆಳಗೆ ಬಗ್ಗಿ ನೋಡುವಂತಾಯಿತು.

"ಯಂತ್ರ ಕೆಟ್ಟಿದೆ," ಎಂದ ಫ್ಯಾಲ್ವಿ.

"ಯಂತ್ರ ಸರಿಯಾಗಿದೆ. ನೀವು ಮಾತು ನಿಲ್ಲಿಸಿ ನೀರು ಕುಡಿದ್ರಲ್ಲ, ಅಲ್ಲೊಂದು ಕಡೆ ಎಲ್ಲಾರ ಗೆರೆ ಸ್ವಲ್ಪ ಏರಿದೆ, ನೋಡಿ."

ಹಾಲಿನಲ್ಲಿ ಚರ್ಚೆ ಶುರುವಾಯಿತು. ನಾಲ್ಕನೇ ನಂಬರು ಎದ್ದು ನಿಂತಳು. ಗಟ್ಟಿಮುಟ್ಟಾದ ಹೆಂಗಸು, ನೀಲಿ ಸ್ವೆಟರು, ಬೆಳ್ಳಗಿನ ಗುಂಗುರು ಕೂದಲು. ಪಟ್ಟಿಯಲ್ಲಿ ಹೆಸರು ಗ್ಲಾಡಿಸ್ ಎಂದಿತ್ತು.

"ಈ ಮನುಷ್ಯ ಕಳ್ಳ," ಎಂದಳು.

"ಸ್ವಲ್ಪ ನೋವು ಇರಬಹುದೇನೋಮ್ಮ," ಎಂದ ಹಾಲಿನ ಡೇರಿಯವನೊಬ್ಬ, ಮೆತ್ತಗೆ.

"ನೋವಾ? ನೋವಿರೋನು ಹೀಗೆ ಬಾಳೆಗೊನೆ ಥರ ಪಟ್ಟಿ ಸುತ್ಕೊಂಡು ಮೆರವಣಿಗೆ ಬರ್ತಾನಾ? ನಿಜವಾದ ಭುಜದ ನೋವು ನೋಡ್ಬೇಕಾ, ನಮ್ಮನೆಗೆ ಬನ್ನಿ. ನಮ್ಮ ಮುದುಕ ಕಾಫಿ ಜಗ್ಗನ್ನ ಎಡಗೈಲಿ ಎತ್ತುತ್ತಾನೆ. ಯಾಕೋ ಅಂದ್ರೆ, 'ಎಡಗೈ ಸೋಮಾರಿ ಆಗಿದೆ, ಕೆಲಸ ಕಲಿಸ್ತಿದೀನಿ' ಅಂತಾನೆ. ಅಂಗಿ ಹಾಕ್ಕೊಳ್ಳೋಕೆ ಬಚ್ಚಲುಮನೆ ಬಾಗಿಲು ಹಾಕ್ಕೋತಾನೆ, ರೇಡಿಯೋ ಜೋರು ಮಾಡ್ತಾನೆ. ನರಳೋದು ನನಗೆ ಕೇಳಬಾರದು ಅಂತ! ದನದ ರೇಟು, ಆಲೂಗಡ್ಡೆ ರೇಟು ಎಲ್ಲಾ ಮುಗಿದ ಮೇಲೆ ಹೊರಗೆ ಬರ್ತಾನೆ, ಮುಖ ಸುಣ್ಣದ ಹಾಗೆ. ಹೇಗಿದೀಯ ಅಂದ್ರೆ, ಪರವಾಗಿಲ್ಲ. ಮಲಗೋದು ಕುರ್ಚಿ ಮೇಲೆ. ಹಾಸಿಗೆ ಮೆತ್ತಗಿದೆ, ಇಷ್ಟ ಆಗಲ್ಲ ಅಂತಾನೆ! ಅದು ರೀ ನೋವು ಅಂದ್ರೆ. ಇವನಿಗೆ ಒಂದು ಡೋನಟ್ ಕೂಡ ಕೊಡಬೇಡಿ. ಸೊನ್ನೆ."

ಹನ್ನೆರಡು ಜನವೂ ಸೊನ್ನೆ ಬರೆದರು. ಡೇರಿಯವನು ಸೊನ್ನೆಯ ಕೆಳಗೆ ಎರಡು ಗೆರೆ ಬೇರೆ ಎಳೆದ.

ಫ್ಯಾಲ್ವಿ ತಲೆ ಹಿಡಿದುಕೊಂಡ. "ಮುಗೀತು. ಇಂಥ ಹೆಂಗಸು ಒಬ್ಳು ನಿಜವಾದ ಜ್ಯೂರೀಲಿ ಕೂತ್ರೆ ಆರ್ವಿಡ್‌ನ ತೋಳು ಗೋರಿಗೆ ಹೋಗೋವರೆಗೂ ಮೇಲೆ ಹೋಗಲ್ಲ. ಗುಂಗುರು ಕೂದಲಿನ ಹೆಂಗಸ್ರನ್ನೆಲ್ಲ ಜ್ಯೂರಿಯಿಂದ ತೆಗೆದುಹಾಕೋಣ."

ಕೋರಾ ಟೀವಿಯಿಂದ ಕಣ್ಣು ತೆಗೆದಿರಲಿಲ್ಲ. "ಒಂದು ನಿಮಿಷ. ತಿರುಗಣೆಗಳನ್ನ ವಾಪಸ್ ತಗೊಳ್ಳೋದು ಮರೆತಿದ್ವಿ. ಆಕೆ ಮಾತಾಡ್ತಿದ್ದಾಗ ಉಳಿದೋರ ಕೈ ತಿರುಗಿಸ್ತಾನೇ ಇತ್ತು. ಇಲ್ಲಿ ನೋಡಿ."

ಹನ್ನೊಂದು ಗೆರೆಗಳು, ದೀಪಾವಳಿಯ ರಾಕೆಟ್ಟುಗಳ ಹಾಗೆ, ಟೀವಿಯ ನೆತ್ತಿಗೆ ಹೋಗಿ ಅಂಟಿಕೊಂಡಿದ್ದವು.

"ಇವತ್ತಿನ ದಿನದಲ್ಲೇ ಅತಿ ಎತ್ತರದ ಜಾಗ ನಿಮ್ಮ ಕೇಸಲ್ಲಿಲ್ಲ ಸಾಹೇಬ್ರೇ. ಆಕೆಯ ಗಂಡನ ಬಚ್ಚಲುಮನೇಲಿದೆ."

"ಆ ಗಂಡ ನನ್ನ ಕಕ್ಷಿದಾರ ಆಗಿದ್ದಿದ್ರೆ!" ಎಂದು ಫ್ಯಾಲ್ವಿ ನಿಟ್ಟುಸಿರು ಬಿಟ್ಟ. ಬಿಟ್ಟವನೇ ಎದ್ದ. ಪೆಟ್ಟು ತಿಂದವರ ಬೆನ್ನು ಹತ್ತಿ ಹೋಗಿ ಕೇಸು ಕೇಳುವುದು ವಕೀಲರಿಗೆ ನಿಷಿದ್ಧ. ಅದು ಅವನಿಗೆ ಚೆನ್ನಾಗಿ ಗೊತ್ತು. ಆದರೆ ಹಜಾರದಲ್ಲಿ ನಡೆದಾಡುವುದು ನಿಷಿದ್ಧವಲ್ಲ. ನಡೆದಾಡುವಾಗ ವಿಸಿಟಿಂಗ್ ಕಾರ್ಡು ತಾನೇ ಜೇಬಿನಿಂದ ಜಾರಿ ಒಬ್ಬರ ಕೈಗೆ ಬಿದ್ದರೆ, ಅದು ಭೂಮಿಯ ಆಕರ್ಷಣೆ.

ಆಕೆ ಉಳಿದ ಸ್ಯಾಂಡ್‌ವಿಚ್‌ಗಳನ್ನು ಕೈಚೀಲಕ್ಕೆ ತುಂಬುತ್ತಿದ್ದಳು. ವೀಡಿಯೋದಲ್ಲಿ ಅತ್ತ ವಕೀಲ ಇವನೇ ಎಂದು ಗುರುತು ಹತ್ತಲಿಲ್ಲ, ಅಳದಿದ್ದಾಗ ಅವನ ಮುಖವೇ ಬೇರೆ.

"ತುಂಬಾ ಚೆನ್ನಾಗಿ ಮಾತಾಡಿದ್ರಿ ಮೇಡಂ. ನಿಮ್ಮ ಮನೆಯವರ ಭುಜಕ್ಕೆ ಏನಾಗಿತ್ತು?"

"ಮೀನು ಬಿತ್ತು."

"ಏನು?"

"ಮೀನು ರೀ. ಮಾಡಿನ ಮೇಲಿಂದ. ಕೆಟಲ್ ಬೆಂಡಲ್ಲಿ."

ಫ್ಯಾಲ್ವಿ ಹಿಂದಕ್ಕೆ ವಾಲಿದ. ಹಿಂದೆ ಐಸಿನ ಯಂತ್ರವಿತ್ತು. ಬೆನ್ನು ಯಾವುದೋ ಗುಂಡಿಯನ್ನು ಒತ್ತಿ, ಒಂದು ಬಕೆಟ್ ಐಸು ಅವನ ಬೂಟಿನೊಳಗೆ ಸುರಿಯಿತು. ಅವನಿಗೆ ಗೊತ್ತೇ ಆಗಲಿಲ್ಲ.

"ನೀವು... ಗ್ಲಾಡಿಸ್ ಅಲ್ವಾ?"

"ಗ್ಲಾಡಿಸ್ ನಮ್ಮಕ್ಕ. ಇಲ್ಲೇ ಇರೋದು. ಅವಳಿಗೆ ನೆಗಡಿ. ಒಪ್ಕೊಂಡು ಬರದೇ ಇದ್ರೆ ಚೆನ್ನಾಗಿರಲ್ಲ, ನೀನು ಹೋಗಿ ಕೂತ್ಕೋ ಅಂದ್ಲು. ನಾನು ಬೆರ್ನೀಸ್ ಟ್ವೆಟನ್. ಯಾಕ್ರೀ, ಮುಖ ಹಾಗೆ ಮಾಡ್ತಿದೀರಿ? ನಿಮಗೂ ಏನಾದ್ರೂ ಬಿತ್ತಾ?"

ಫ್ಯಾಲ್ವಿ ಎಲ್ಲ ಹೇಳಿದ. ಬದುಕಿನಲ್ಲಿ ಮೊದಲ ಸಲ ವಿಶೇಷಣಗಳಿಲ್ಲದೆ ಹೇಳಿದ.

ಬೆರ್ನೀಸ್ ಕೊನೆಯ ಸ್ಯಾಂಡ್‌ವಿಚ್ಚನ್ನೂ ಚೀಲಕ್ಕೆ ತುರುಕಿದಳು. "ಹಾಗಾದ್ರೆ ಆ ಕಳ್ಳ... ಆ ಗಾಲ್ಫಿನೋನು... ನಮ್ಮ ಆರ್ವಿಡ್ಡಾ?"

"ಹೂಂ."

"ನಮ್ಮ ಆರ್ವಿಡ್‌ನನ್ನ ಹಾಗೆ ಮಾಡಿ ನಿಲ್ಲಿಸಿದೋರು ಯಾರು?"

"ನಾನೇ."

ಕೈಚೀಲ ಬೀಸಿ ಬಂತು. ಹ್ಯಾಮ್ ಸ್ಯಾಂಡ್‌ವಿಚ್ಚಿನಿಂದ ಪೆಟ್ಟು ತಿಂದ ಏಕಮಾತ್ರ ವಕೀಲ ಎಂಬ ಕೀರ್ತಿ ಅಂದಿನಿಂದ ಫ್ಯಾಲ್ವಿಗೇ ಸಲ್ಲುತ್ತದೆ.

ಮರುದಿನ ಅವನೂ ಕೋರಾಳೂ ಕೆಟಲ್ ಬೆಂಡಿನ ಆ ಮನೆಯ ಅಡುಗೆಮನೆಯಲ್ಲಿ ಕೂತಿದ್ದರು. ಆರ್ವಿಡ್ ಎಡಗೈಯಲ್ಲಿ ಕಾಫಿ ಬಗ್ಗಿಸಿದ. ಬೆರ್ನೀಸ್ ಕೈಕಟ್ಟಿ ನಿಂತಿದ್ದಳು.

"ಗರಗಸ ನೋಡೋಕೆ ಹೋಗಿದ್ದೆ ಅಲ್ವೇನೋ ಮುದುಕ? ಎಷ್ಟು ಗರಗಸ ನೋಡಿದೆ ಮಿಲ್ವಾಕೀಲಿ?"

"ಒಳ್ಳೇದು ಒಂದೂ ಸಿಗಲಿಲ್ಲ," ಎಂದ ಆರ್ವಿಡ್.

"ಪೋಲ್ಕಾ ಬೇಜಾರಾಯ್ತು ಅಂದೆ."

"ಹೂಂ."

"ನಾನು ನಂಬಿದೆ ಅನ್ಕೊಂಡ್ಯಾ?"

ಆರ್ವಿಡ್ ಕಾಫಿ ಬಗ್ಗಿಸುವುದನ್ನು ನಿಲ್ಲಿಸಿದ. "ರೇಡಿಯೋ ಜೋರಾಗಿಟ್ಟಿದ್ನಲ್ಲ."

"ಇಷ್ಟು ವರ್ಷದಿಂದ ನಿನ್ನ ಮುಖ ನೋಡ್ತಿದೀನೋ, ಗೋಡೆ ನೋಡ್ತಿದೀನೋ? ನಿನಗೆ ಆಲೂಗಡ್ಡೆ ರೇಟು ಯಾಕಪ್ಪಾ? ನಮಗೆ ಹೊಲ ಇದ್ಯಾ?"

ಅವನು ತಲೆ ತಗ್ಗಿಸಿದ. ಆಮೇಲೆ, ಕೆಟಲ್ ಬೆಂಡಿನ ಚರಿತ್ರೆಯಲ್ಲೇ ಯಾವ ಗಂಡಸೂ ಹಗಲಲ್ಲಿ, ಅದೂ ಹೊರಗಿನವರ ಎದುರು, ಆಡಿರದ ಮಾತು ಆಡಿದ: "ನಿನ್ನನ್ನ ಸುತ್ತಿಸ್ಬೇಕು ಕಣೇ. ಅದಕ್ಕೇ."

ಬೆರ್ನೀಸ್ ಥಟ್ಟನೆ ಒಲೆಯ ಕಡೆ ತಿರುಗಿ, ಏನೂ ಇಲ್ಲದ ಪಾತ್ರೆಯನ್ನು ಕದಡತೊಡಗಿದಳು. ಕೋರಾ ಕಿಟಕಿಯಾಚೆ ನೋಡಿದಳು. ಫ್ಯಾಲ್ವಿಯ ಕಣ್ಣಲ್ಲಿ ನೀರು ಬಂತು. ತಾಲೀಮಿಲ್ಲದೆ ಬಂದ ನೀರು. ಏನು ಮಾಡಬೇಕೆಂದು ತೋಚದೆ ಟೈಯಿಂದ ಒರೆಸಿಕೊಂಡ.

"ಸಾಕ್ಷಿ ಹೇಳ್ತೀರಾ ಮೇಡಂ?"

"ನಾನು ಸೊನ್ನೆ ಬರೆದವಳು."

"ಅದು ಆ ಡೋನಟ್ಟಿನೋನಿಗೆ."

"ಹೇಳ್ತೀನಿ. ಆದ್ರೆ ನೀವು ಬರೆದುಕೊಟ್ಟಿದ್ದು ಹೇಳಲ್ಲ. ಯಾರು ಏನು ಕೇಳಿದ್ರೂ ಇದ್ದದ್ದು ಇದ್ದ ಹಾಗೆ."

"ಹಾಗೇ ಹೇಳ್ಬೇಕು," ಎಂದಳು ಕೋರಾ. "ಅಂಕಿಗಳೂ ಅದನ್ನೇ ಹೇಳ್ತಿವೆ. ಮತ್ತೆ ನೀವು ಸಾಹೇಬ್ರೇ, ಅಳೋ ಹಾಗಿಲ್ಲ. ಭಾಷಣ ಅರ್ಧ ಅಲ್ಲ, ಕಾಲುಭಾಗ. ನೀವು ಬಾಯಿ ತೆರೆದಾಗಲೆಲ್ಲ ಗೆರೆ ಬೀಳುತ್ತೆ."

ಹಾಡುಗಾರನಿಗೆ ಸಭೆಯಲ್ಲಿ ಬರೀ ತಾಳ ಹಾಕು ಎಂದಂತಾಯಿತು. ಆದರೂ ಫ್ಯಾಲ್ವಿ ಆರ್ವಿಡ್‌ನ ಎಡಗೈ ನೋಡಿ, ಆಗಲಿ ಎಂದ.

ಕೇಸು ಶುರುವಾದ ದಿನ ಇಡೀ ಕೌಂಟಿ ಕೋರ್ಟಿನೊಳಗಿತ್ತು. ಹೊರಗೆ ಉಳಿದದ್ದು ಹಸುಗಳು ಮಾತ್ರ, ಅವೂ ಕಿಟಕಿಯ ಹತ್ತಿರ. ಊಟದ ಮನೆಯ ಬಡ್ಜಿನ್ಸ್ಕಿ ಎದುರು ಪಕ್ಷದವನು. ಆದರೂ ಹಜಾರದಲ್ಲಿ ಆರ್ವಿಡ್‌ಗೆಂದು ಒಂದು ಬುಟ್ಟಿ ಹುರಿದ ಚೀಸು ತಂದು, "ನನ್ನ ವಿಮೆಯೋರು ಕೊಡೋದಿದ್ರೆ ಯಾವತ್ತೋ ಕೊಡ್ಬೋದಿತ್ತು ಕಣೋ, ಬಿಸಿ ಇದ್ದಾಗಲೇ ತಿನ್ನು," ಎಂದ.

ವಿಮಾ ಕಂಪನಿಯ ವಕೀಲ ಪ್ರೆಂಟಿಸ್ ಹೋಲ್ಟ್. ಇಸ್ತ್ರಿ ಎಷ್ಟು ಗರಿಗರಿ ಎಂದರೆ ಅವನು ಬಗ್ಗಿದರೆ ಪ್ಯಾಂಟಿನ ಮಡಿಕೆ ತಾಗಿ ಬೆರಳು ಕುಯ್ಯುವಂತಿತ್ತು.

ಪಂಚರನ್ನು ಆರಿಸುವಾಗ ಫ್ಯಾಲ್ವಿ ಎದ್ದು ನಿಂತು, ಕೋರಾ ತನ್ನ ಅಂಕಿಗಳಿಂದ ಬಸಿದುಕೊಟ್ಟ ಒಂದೇ ಪ್ರಶ್ನೆ ಕೇಳಿದ. "ಯಾರಾದ್ರೂ ಹೇಗಿದೀರಿ ಅಂದ್ರೆ ನೀವೆಲ್ಲ ಏನಂತೀರಿ?"

"ಪರವಾಗಿಲ್ಲ," ಎಂದರು ಎಲ್ಲರೂ, ಪ್ರಾರ್ಥನೆಯ ಹಾಗೆ.

"ನಿಜವಾಗ್ಲೂ ಕಷ್ಟದಲ್ಲಿದ್ದಾಗ?"

ಹಿಂದಿನ ಸಾಲಿನ ರೈತನೊಬ್ಬ ಕೈಯೆತ್ತಿದ. "ಹೋದ ವರ್ಷ ಹುಲ್ಲಿನ ಅಟ್ಟದಿಂದ ಬಿದ್ದೆ. ಪಕ್ಕೆಲುಬು ಮುರೀತು. ಆಂಬುಲೆನ್ಸಿನೋನು ಕೇಳ್ದ."

"ಏನಂದ್ರಿ?"

"ಪರವಾಗಿಲ್ಲ, ನೀವು ಹೇಗಿದೀರಿ ಅಂದೆ."

ಕೋರ್ಟು ನಕ್ಕಿತು. ನ್ಯಾಯಾಧೀಶೆಯೂ ನಕ್ಕು, ಕೆಮ್ಮು ಬಂತೆಂದು ತೋರಿಸಿಕೊಂಡಳು. ಫ್ಯಾಲ್ವಿ ಮುಂದೆ ಒಂದೂ ಮಾತಾಡದೆ ಕೂತ. ನಾಲಿಗೆ ಬಾಯೊಳಗೆ ಕಟ್ಟಿಹಾಕಿದ ಕರುವಿನಂತೆ ಎಳೆದಾಡುತ್ತಿತ್ತು. ಗುಂಗುರು ಕೂದಲಿನ ಹೆಂಗಸರಲ್ಲಿ ಒಬ್ಬರನ್ನೂ ಅವನು ತೆಗೆಯಲಿಲ್ಲ. ಮೂವರು ಮುಂದಿನ ಸಾಲಿನಲ್ಲೇ ಕೂತರು.

ಆರ್ವಿಡ್ ಸಾಕ್ಷಿ ಹೇಳಿದ. ಪಟ್ಟಿ ಇಲ್ಲ, ಕಣ್ಣೀರಿಲ್ಲ. ನೋವಿದೆಯೇ ಎಂದರೆ, ಈ ಸಲ ಹಿಮ ಬೇಗ ಬೀಳುವಂತಿದೆ ಎಂದ. ಹೋಲ್ಟ್ ಡಾಕ್ಟರು ಬರೆದಿಟ್ಟದ್ದನ್ನು ಓದಿ, ಪ್ರತಿ 'ಪರವಾಗಿಲ್ಲ'ಕ್ಕೂ ಬೆರಳು ಕುಟ್ಟಿದ. ಪಂಚರು ಆ ರೈತನ ಕಡೆ ನೋಡಿ ತುಟಿ ಕಚ್ಚಿದರು.

ಬೆರ್ನೀಸ್ ಬಂದಳು. ಜಗ್ಗು, ಬಚ್ಚಲುಮನೆ, ದನದ ರೇಟು, ಕುರ್ಚಿ ಎಲ್ಲ ಹೇಳಿದಳು. ಮುಂದಿನ ಸಾಲಿನ ಮೂವರು ಹೆಂಗಸರು ತಲೆಯಾಡಿಸಿದ ರಭಸಕ್ಕೆ ಕೋರ್ಟಿನ ಬಾವುಟ ಹಾರಿತು.

ಹೋಲ್ಟ್ ಎದ್ದ. ಈ ಗಾಳಿಯನ್ನು ಹೇಗಾದರೂ ನಿಲ್ಲಿಸಬೇಕಿತ್ತು. ನಗುತ್ತ ಹತ್ತಿರ ಬಂದ.

"ಶ್ರೀಮತಿ ಟ್ವೆಟನ್, ನೀವು ಅವರ ಹೆಂಡತಿ. ಅವರ ಪರವಾಗಿ ಹೇಳದೆ ಇನ್ನೇನು ಹೇಳ್ತೀರಿ, ಪಾಪ! ಈ ಗಾಯಕ್ಕೆ ಒಂದು ಸೆಂಟೂ ಕೊಡಬೇಡಿ ಅಂತ ನೀವು ಯಾವತ್ತಾದ್ರೂ ಅಂದದ್ದುಂಟಾ?"

"ಉಂಟು," ಎಂದಳು ಬೆರ್ನೀಸ್.

ಹೋಲ್ಟ್ ನಗು ತೆಗೆಯುವುದನ್ನೇ ಮರೆತ. "ಅಂದ್ರೆ?"

"ಸೊನ್ನೆ ಕೊಡಿ ಅಂದೆ. ನಾನೇ ಬರೆದುಕೊಟ್ಟೆ. ಉಳಿದೋರ ಕೈಲೂ ಬರೆಸಿದೆ."

ಅಣಕು ಜ್ಯೂರಿಯ ಸಂಗತಿ ವಕೀಲನ ಮನೆಯೊಳಗಿನ ಗುಟ್ಟು. ಫ್ಯಾಲ್ವಿ ಎದ್ದು 'ಆಕ್ಷೇಪಣೆ' ಎಂದರೆ ಸಾಕು, ನ್ಯಾಯಾಧೀಶೆ ಅಲ್ಲಿಗೇ ತಡೆಯುತ್ತಾಳೆ. ತಡೆದರೆ ಪಂಚರ ಕಿವಿಯಲ್ಲಿ ಉಳಿಯುವುದು ಏನು? ಹೆಂಡತಿಯೇ ಸೊನ್ನೆ ಎಂದಳು, ವಕೀಲ ಬಾಯಿ ಮುಚ್ಚಿಸಿದ. ತಡೆಯದಿದ್ದರೆ? ಡೋನಟ್ಟು, ಗಾಲ್ಫು, ನಾಟಕದವನು, ತನ್ನ ಕಣ್ಣೀರು ಎಲ್ಲ ಬಯಲಿಗೆ. ಮಿಲ್ವಾಕಿಯಿಂದ ಮ್ಯಾಡಿಸನ್‌ವರೆಗೆ ವಕೀಲರೆಲ್ಲ ಊಟ ಮಾಡುತ್ತ ಇದನ್ನೇ ಹೇಳಿಕೊಂಡು ನಗುತ್ತಾರೆ. ಮೊಣಕಾಲು ಅರ್ಧ ಎದ್ದಿತು. ಕಣ್ಣು ಪಕ್ಕದ ಕುರ್ಚಿಗೆ ಹೋಯಿತು. ಆರ್ವಿಡ್ ಹೆಂಡತಿಯನ್ನೇ ನೋಡುತ್ತಿದ್ದ, ಹಾಲಿನಲ್ಲಿ ವಾದ್ಯ ಶುರುವಾಗುವ ಮೊದಲು ನೋಡುವ ಹಾಗೆ.

ಫ್ಯಾಲ್ವಿ ಕೂತ. ಕೂತು, ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದ. ಆ ಬೂಟಿಗೆ ಲೇಸೇ ಇರಲಿಲ್ಲ.

"ಯಾಕೆ ಹಾಗೆ ಅಂದ್ರಿ?" ಎಂದು ಹೋಲ್ಟ್ ಕೇಳಲೇಬೇಕಾಯಿತು.

"ಯಾಕಂದ್ರೆ ಅವ್ರು ತೋರ್ಸಿದ್ದು ಇವನನ್ನಲ್ಲ. ಕೇಸು ನೋಡಿ ಹೇಳಿ ಅಂತ ಜನ ಕೂರ್ಸಿದ್ರು, ನಾನೂ ಹೋಗಿ ಕೂತಿದ್ದೆ. ಹೆಸರು ಬೇರೆ, ಎಲ್ಲಾ ಬೇರೆ. ಪಟ್ಟಿ ಸುತ್ಕೊಂಡು ಒಬ್ಬ ಗೋಳೋ ಅಂತ ಅತ್ತ. ಅವನು ಕಳ್ಳ ಅಂದೆ. ಈಗ್ಲೂ ಅಂತೀನಿ. ಆ ನಾಟಕ ಆಡ್ಸಿದೋರು ಅಲ್ಲಿದಾರೆ, ಬೂಟು ಕಟ್ಕೊತಿದಾರಲ್ಲ, ಅವ್ರೇ. ಬೈದಿದ್ದಾಯ್ತು. ಕೈಚೀಲದಲ್ಲಿ ಹೊಡೆದದ್ದೂ ಆಯ್ತು."

ನಗು ಹಿಂದಿನ ಬೆಂಚಿನಿಂದ ಹೊರಟು ಅಲೆಯಂತೆ ಮುಂದೆ ಬಂತು. ರೈತ ಪಕ್ಕೆ ಹಿಡಿದುಕೊಂಡು ನಕ್ಕ, ಪಕ್ಕೆಲುಬು ಮತ್ತೆ ಮುರಿಯಿತೋ ಎಂಬಂತೆ. ಫ್ಯಾಲ್ವಿ ಮೆಲ್ಲಗೆ ತಲೆ ಎತ್ತಿ, ಹನ್ನೆರಡು ಜನಕ್ಕೂ ಕಾಣುವಂತೆ, ಹೌದು ಎಂದು ತಲೆಯಾಡಿಸಿದ. ಇನ್ನೂ ಜೋರು ನಗು.

ನಗು ನಿಂತಾಗ ಬೆರ್ನೀಸ್ ಮೆತ್ತಗೆ ಹೇಳಿದಳು: "ಅವತ್ತು ಅವನಿಗೆ ಸೊನ್ನೆ ಕೊಡಿ ಅಂದಿದ್ದು ಯಾಕೆ ಗೊತ್ತಾ ಸ್ವಾಮಿ? ನಿಜವಾದ ನೋವು ಹೇಗಿರುತ್ತೆ ಅಂತ ದಿನಾ ಮನೇಲಿ ನೋಡ್ತಿದ್ದೆ. ಅದಕ್ಕೆ."

ಹೋಲ್ಟ್ ಇನ್ನು ಪ್ರಶ್ನೆಯಿಲ್ಲ ಎಂದ. ಫ್ಯಾಲ್ವಿ ಕೊನೆಯ ಭಾಷಣಕ್ಕೆ ನಿಂತಾಗ ಪಂಚರೆಲ್ಲ, ಈಗ ಅಳುತ್ತಾನೇನೋ ಎಂದು ಮುಂದಕ್ಕೆ ಬಾಗಿದರು. "ಆ ತೋಳು ಮೇಲೆ ಹೋಗ್ಬೇಕು," ಎಂದ ಫ್ಯಾಲ್ವಿ. "ಅಷ್ಟೇ." ಕೂತ. ವಿಸ್ಕಾನ್ಸಿನ್‌ನ ನ್ಯಾಯಚರಿತ್ರೆಯಲ್ಲಿ ಅದಕ್ಕಿಂತ ಚಿಕ್ಕ ಭಾಷಣ ಒಂದೇ ಇದೆಯಂತೆ. ಆ ವಕೀಲ ಮಾತಾಡಲು ಎದ್ದಾಗಲೇ ಸತ್ತಿದ್ದ.

ಪಂಚರು ಒಳಗೆ ಹೋದರು. ಬಡ್ಜಿನ್ಸ್ಕಿ ತಂದ ಇನ್ನೊಂದು ಬುಟ್ಟಿ ಚೀಸು ಆರುವಷ್ಟರಲ್ಲಿ ಹೊರಗೆ ಬಂದರು. ಭುಜ ಕೆಟ್ಟದ್ದು ಮೀನಿನಿಂದಲೇ. ಆಪರೇಷನ್ನಿಗೂ ಅದರ ನಂತರದ ಆರೈಕೆಗೂ ವಿಮಾ ಕಂಪನಿ ಕೊಡತಕ್ಕದ್ದು. ತಪ್ಪಿಹೋದ ಭಾನುವಾರಗಳಿಗೂ ಬೇರೆಯಾಗಿ ಕೊಡತಕ್ಕದ್ದು. ಗುಂಗುರು ಕೂದಲಿನ ಮೂವರಲ್ಲಿ ಒಬ್ಬಾಕೆಯೇ ಮುಖ್ಯಸ್ಥೆಯಾಗಿ ನಿಂತು ಓದಿದಳು. ಬಡ್ಜಿನ್ಸ್ಕಿ ಸೋತ ಪಕ್ಷದವನೆಂಬುದನ್ನು ಮರೆತು ಚಪ್ಪಾಳೆ ತಟ್ಟಿದ.

ಆಪರೇಷನ್ನಾಗಿ, ಹಿಮ ಬಿದ್ದು, ಹಿಮ ಕರಗಿ, ಒಂದು ಭಾನುವಾರ ಫ್ಯಾಲ್ವಿಗೂ ಕೋರಾಳಿಗೂ ಕೆಟಲ್ ಬೆಂಡಿನಿಂದ ಕರೆ ಬಂತು. ಹಾಲಿನಲ್ಲಿ ಕೈಯಲ್ಲೇ ಹಿಡಿದ ಹಾರ್ಮೋನಿಯಮ್ಮಿನಂಥ ಕನ್ಸರ್ಟೀನಾ ಬಾರಿಸುವ ಮುದುಕ ಸೀನುವಾಗಲೂ ತಾಳ ತಪ್ಪುತ್ತಿರಲಿಲ್ಲ. ಬಿಯರಿನ ಜಗ್ಗುಗಳು ಮೇಜಿನ ಮೇಲೆ ತಾವೇ ಕುಣಿಯುತ್ತಿದ್ದವು. ಕೋರಾ ಆಗಲೇ ಊರವನೊಬ್ಬನ ಜೊತೆ ಕುಣಿಯುತ್ತಿದ್ದಳು. ಅವನ ಮನೆಯಲ್ಲಿ ಬೆಕ್ಕಿದೆಯೆಂದು ಮುಖ ನೋಡಿಯೇ ಹೇಳಿದ್ದಳು. ಫ್ಯಾಲ್ವಿ ಗೋಡೆಗೊರಗಿ ನಿಂತ. ಊರವರು ಒಬ್ಬೊಬ್ಬರಾಗಿ ಬಂದು, "ಸ್ವಲ್ಪ ಅಳಿ ಸಾರ್, ನೋಡೋಣ" ಎಂದು ಕೇಳಿಹೋದರು.

ಆರ್ವಿಡ್ ಬೆರ್ನೀಸಳ ಕೈ ಹಿಡಿದು ನಡುವೆ ಬಂದ. ಒಂದು ಸುತ್ತು ಸುಮ್ಮನೆ ಹೆಜ್ಜೆ ಹಾಕಿದರು. ಎರಡನೆಯ ಸುತ್ತಿಗೆ ಅವನ ಬಲಗೈ ಎದೆಯವರೆಗೆ ಬಂತು, ಅಲ್ಲಿ ಒಂದು ಕ್ಷಣ ನಿಂತಿತು. ಕನ್ಸರ್ಟೀನಾದ ಮುದುಕ ಗಾಳಿ ಎಳೆದವನು ಬಿಡಲೇ ಇಲ್ಲ. ಕೈ ಭುಜ ದಾಟಿತು, ಕಿವಿ ದಾಟಿತು, ತಲೆಯ ಮೇಲೆ ಹೋಯಿತು. ಬೆರ್ನೀಸ್ ಅದರಡಿ ಗಿರ್ರನೆ ತಿರುಗಿದಳು. ಲಂಗದ ಗಾಳಿಗೆ ಬಾಗಿಲ ಬಳಿಯ ಟೋಪಿಗಳೆಲ್ಲ ಹಾರಿ ಪಕ್ಕದ ಕೌಂಟಿಯಲ್ಲಿ ಬಿದ್ದವು.

"ನೋವಾಗ್ತಿದ್ಯೇನೋ?" ಎಂದಳು ತಿರುಗುತ್ತಲೇ.

"ಸ್ವಲ್ಪ," ಎಂದ ಆರ್ವಿಡ್, ಎಲ್ಲರಿಗೂ ಕೇಳುವಂತೆ.

"ನಿಲ್ಲಿಸ್ಲಾ?"

"ಬೇಡ. ಇನ್ನೊಂದು ಸುತ್ತು ತಿರುಗು."

ಅವಳು ತಿರುಗಿದಳು.